ಗೋವಾದ ಆರ್ಚ್‌ಬಿಷಪ್ ಮೆನೆಜೆಸ್ ಮತ್ತು ಮಲಬಾರ್ ಚರ್ಚಿನ ಒಡಕು

ಡಚ್ಚರಿಂದ ಮಲಾಕ್ಕಾ ಉಳಿಸಿಕೊಳ್ಳಲು 1606ರಲ್ಲಿ ಗೋವಾದ ವೈಸರಾಯ್ ಹಡಗುಪಡೆಯೊಂದಿಗೆ ಹೊರಟಾಗ ಆಡಳಿತ ಆರ್ಚ್‌ಬಿಷಪ್ ಅಲೇಶೊ ದೆ ಮೆನೆಜೆಸ್ ಅವರ ಕೈಗೆ ಬಂತು. ವೈಸರಾಯ್ ಮರುವರ್ಷ ಅಲ್ಲೇ ತೀರಿಕೊಂಡರು. ಹಾಗಾಗಿ ಈ ಅಗಸ್ಟಿನಿಯನ್ ಸನ್ಯಾಸಿ 1609ರವರೆಗೆ ಪೋರ್ಚುಗೀಸ್ ಇಂಡಿಯಾದ ಗವರ್ನರ್ ಆಗಿದ್ದರು. ನಮ್ಮ ಹೊನ್ನಾವರ, ಬಸ್ರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳೂ ಆ ಆಡಳಿತಕ್ಕೇ ಸೇರಿದ್ದವು. ಆಮೇಲೆ ತಾಯ್ನಾಡಿಗೆ ಮರಳಿ ಬ್ರಾಗಾದ ಆರ್ಚ್‌ಬಿಷಪ್ ಆದರು, ಪೋರ್ಚುಗಲ್ಲಿನ ವೈಸರಾಯ್ ಕೂಡ ಆದರು. 1617ರಲ್ಲಿ ಮ್ಯಾಡ್ರಿಡ್‌ನಲ್ಲಿ ಸತ್ತರು.

ಆದರೆ ಅವರ ಅಧಿಕಾರದ ನಿಜವಾದ ಬಿಸಿ ತಟ್ಟಿದ್ದು ಗವರ್ನರ್ ಆಗುವ ಮೊದಲೇ, ಏಸುವಿನ ಶಿಷ್ಯ ತೋಮಾರಿಂದ ತಮ್ಮ ಧರ್ಮ ಬಂತೆಂದು ನಂಬುವ ಕೇರಳದ ಸಂತ ತೋಮಾ ಕ್ರೈಸ್ತರಿಗೆ. ಶತಮಾನಗಳಿಂದ ಇವರ ಪ್ರಾರ್ಥನೆ ಸಿರಿಯಾಕ್ ಭಾಷೆಯಲ್ಲಿ. ಬಿಷಪ್ಪರು ಬರುತ್ತಿದ್ದುದು ಮೆಸೊಪೊಟೇಮಿಯಾದಿಂದ. ಊರಿನ ವ್ಯವಹಾರವೆಲ್ಲ ಆರ್ಚ್‌ಡೀಕನ್ ಎಂಬ ಸ್ಥಳೀಯ ಮುಖ್ಯ ಪಾದ್ರಿಯದು. 1597ರಲ್ಲಿ ಅಂಗಮಾಲಿಯ ಬಿಷಪ್ ಮಾರ್ ಅಬ್ರಹಾಂ ತೀರಿಕೊಂಡದ್ದೇ ತಡ, ಅವರ ಜಾಗಕ್ಕೆ ಮೆಸೊಪೊಟೇಮಿಯಾದಿಂದ ಮತ್ತೊಬ್ಬ ಬಿಷಪ್ ಬರದಂತೆ ಮೆನೆಜೆಸ್ ಸಮುದ್ರದ ದಾರಿಗೆ ಕಾವಲು ಹಾಕಿಸಿದರು. 1599ರ ಫೆಬ್ರವರಿಯಲ್ಲಿ ತಾವೇ ಕೊಚ್ಚಿಗೆ ಬಂದು, ಊರೂರು ತಿರುಗಿ, ತಮ್ಮ ಕಡೆಯ ಪಾದ್ರಿಗಳಿಗೆ ದೀಕ್ಷೆ ಕೊಟ್ಟು, ಕೊಚ್ಚಿ ರಾಜನ ಒತ್ತಡವನ್ನೂ ಬಳಸಿ ಆರ್ಚ್‌ಡೀಕನ್ ಜಾರ್ಜ್‌ರನ್ನು ಮಣಿಸಿದರು.

ಆ ವರ್ಷ ಜೂನ್ 20ರಿಂದ 26ರವರೆಗೆ ಕೊಚ್ಚಿ ಬಳಿಯ ಉದಯಂಪೇರೂರಿನಲ್ಲಿ ಸಭೆ. ಸೇರಿದ್ದವರು 153 ಪಾದ್ರಿಗಳು, ಸುಮಾರು 660 ಗೃಹಸ್ಥರು. ನಿರ್ಣಯಗಳನ್ನು ಮೊದಲೇ ಬರೆದು ತಂದಿದ್ದರು. ಮೆಸೊಪೊಟೇಮಿಯಾದ ಚರ್ಚಿನ ಮುಖ್ಯಸ್ಥರಾದ ಬ್ಯಾಬಿಲೋನಿನ ಪಿತೃಪ್ರಧಾನರ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಕೂಡದು, ಪಾದ್ರಿಗಳು ಹೆಂಡತಿಯರನ್ನು ಬಿಡಬೇಕು, ಪೂಜಾವಿಧಿ ತಿದ್ದಬೇಕು, ಸಿರಿಯಾಕ್ ಗ್ರಂಥಗಳನ್ನೆಲ್ಲ ತಂದೊಪ್ಪಿಸಬೇಕು. ಒಪ್ಪಿಸಿದವುಗಳಲ್ಲಿ ಕೆಲವನ್ನು ತಿದ್ದಿದರು, ಎಷ್ಟೋ ಗ್ರಂಥಗಳನ್ನು ಸುಟ್ಟರು. ಒಂದು ಸಮುದಾಯದ ನೆನಪನ್ನೇ ಬೆಂಕಿಗೆ ಹಾಕಿದ ಈ ಕೆಲಸಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಅದೇ ನಿರ್ಣಯಗಳಲ್ಲಿ ಕಾದ ಎಣ್ಣೆಯಲ್ಲಿ ಕೈ ಅದ್ದಿಸುವ, ಮೊಸಳೆಗಳಿರುವ ನೀರಿನಲ್ಲಿ ಈಜಿಸುವ ಸತ್ಯಪರೀಕ್ಷೆಗಳಿಗೂ, ಕೆಳಜಾತಿಯವರನ್ನು ಮುಟ್ಟಿದರೆ ಮೈಲಿಗೆ ಎನ್ನುವ ಆಚಾರಕ್ಕೂ ನಿಷೇಧವಿತ್ತು ಎಂಬುದನ್ನೂ ಹೇಳಬೇಕು. ಆದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಆಜ್ಞೆಯಾಗಿಯೇ ಇಳಿಸಿದರು. ಒಪ್ಪಿಗೆ ಎಂಬುದು ಸಹಿಯಲ್ಲಿ ಮಾತ್ರ ಇತ್ತು.

ಒಳಗೇ ಕುದಿಯುತ್ತಿದ್ದ ಸಿಟ್ಟು ಹೊರಬೀಳಲು ಅರ್ಧ ಶತಮಾನ ಬೇಕಾಯಿತು. ಪಶ್ಚಿಮ ಏಷ್ಯಾದಿಂದ ಬಂದ ಅಹತಲ್ಲಾ ಎಂಬ ಬಿಷಪ್ಪರನ್ನು ಪೋರ್ಚುಗೀಸರು ಹಿಡಿದಿಟ್ಟ ಸುದ್ದಿ ಹಬ್ಬಿದ ಮೇಲೆ, 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಸಾವಿರಾರು ಜನ ಸೇರಿದರು. ಶಿಲುಬೆಗೆ ಕಟ್ಟಿದ ಹಗ್ಗ ಹಿಡಿದು, ತಮ್ಮ ಮೇಲಿದ್ದ ಜೆಸುಯಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಥದವರ ಆಳ್ವಿಕೆಗೆ ಇನ್ನು ತಲೆಬಾಗುವುದಿಲ್ಲ ಎಂದು ಆಣೆ ಮಾಡಿದರು. ಬಹಳಷ್ಟು ಮಂದಿ ಕೆಲವೇ ವರ್ಷಗಳಲ್ಲಿ ರೋಮಿನ ಕಡೆಗೆ ಮರಳಿದರು. ಉಳಿದವರು ಬೇರೆಯಾಗಿ ಉಳಿದರು. ಇಂದಿನ ಜಾಕೋಬೈಟ್, ಆರ್ಥೊಡಾಕ್ಸ್, ಮಾರ್ತೋಮಾ ಚರ್ಚುಗಳು ಆ ಕವಲಿನವು.

ರೋಮಿನ ಜೊತೆ ಉಳಿದ ಸಿರೊ-ಮಲಬಾರ್ ಚರ್ಚಿಗೆ ಹಳೆಯ ಪೂಜಾವಿಧಿಯನ್ನು ಮರಳಿ ಕೊಡಬೇಕೆಂದು ಪೋಪ್ 11ನೇ ಪಿಯುಸ್ 1934ರಲ್ಲಿ ತೀರ್ಮಾನಿಸಿದರು. ಅಷ್ಟರಲ್ಲಿ ಮೂರು ಶತಮಾನ ಕಳೆದು, ರೋಮಿನ ಲ್ಯಾಟಿನ್ ಪೂಜಾರೀತಿಯೂ ಜನರಿಗೆ ಮೈಗೂಡಿಬಿಟ್ಟಿತ್ತು. ಪಾದ್ರಿ ಪೂಜೆಯ ಮಧ್ಯಭಾಗದಲ್ಲಿ ಜನರ ಕಡೆಗಲ್ಲ, ಪೀಠದ ಕಡೆ ಮುಖ ಮಾಡಬೇಕು ಎಂಬ 2021ರ ನಿರ್ಧಾರವನ್ನು ಎರ್ನಾಕುಳಂ-ಅಂಗಮಾಲಿ ಧರ್ಮಪ್ರಾಂತ್ಯದ ಬಹುಪಾಲು ಪಾದ್ರಿಗಳು ವಿರೋಧಿಸಿದರು. 2022ರ ಕ್ರಿಸ್‌ಮಸ್ ಹೊತ್ತಿಗೆ ಗಲಾಟೆ ಬೆಳೆದು ಎರ್ನಾಕುಳಂನ ಸೇಂಟ್ ಮೇರಿ ಬೆಸಿಲಿಕಾಕ್ಕೇ ಬೀಗ ಬಿತ್ತು.