ಮಾವನ ಬ್ಯಾಂಡ್‌ನ ಡೆಮೊ ಕ್ಯಾಸೆಟ್ ಎಲ್ಲಿ ಹುಡುಕೋದು?

ಪ್ರಶ್ನೆ: ನಮ್ಮ ಸೋದರಮಾವ 1990ರ ದಶಕದಲ್ಲಿ ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಒಂದು ಮೆಟಲ್ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದರಂತೆ. ನಾಲ್ಕು ಹಾಡಿನ ಡೆಮೊ (ತಾವೇ ರೆಕಾರ್ಡ್ ಮಾಡಿದ ಮಾದರಿ) ಕ್ಯಾಸೆಟ್ ಕೂಡ ಮಾಡಿದ್ದರಂತೆ. ನೆಟ್‌ನಲ್ಲಿ ಎಷ್ಟು ಹುಡುಕಿದರೂ ಬ್ಯಾಂಡ್ ಹೆಸರೇ ಬರುತ್ತಿಲ್ಲ. ಮಾವನ ಹತ್ತಿರವೂ ಕಾಪಿ ಇಲ್ಲ. ಇಂಥದ್ದು ಈಗ ಸಿಗುತ್ತದಾ?
– ಸಕಲೇಶಪುರದ ಓದುಗ

ಸಿಗಬಹುದು. ಆದರೆ ಕ್ಯಾಸೆಟ್ಟಿಗಿಂತ ಮೊದಲು ಜನರನ್ನು ಹುಡುಕಬೇಕು.

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಒಬ್ಬರಿಗೆ ಅಣ್ಣನ ಬ್ಯಾಂಡು, ಇನ್ನೊಬ್ಬರಿಗೆ ಹಾಸ್ಟೆಲ್ ರೂಮ್‌ಮೇಟ್‌ನ ಬ್ಯಾಂಡು. ಎಲ್ಲರೂ ಮೊದಲು ನೆಟ್ ನೋಡುತ್ತಾರೆ, ಸಿಗದೇ ಇದ್ದಾಗ ಕೈಬಿಡುತ್ತಾರೆ. ಬ್ಯಾಂಡು, ಆಲ್ಬಂಗಳ ಪಟ್ಟಿ ಇಡುವ ವೆಬ್‌ಸೈಟ್‌ಗಳಲ್ಲಿ ಡಿಸ್ಕಾಗ್ಸ್ ಶುರುವಾಗಿದ್ದು 2000ದಲ್ಲಿ, ಮೆಟಲ್ ಆರ್ಕೈವ್ಸ್ 2002ರಲ್ಲಿ. ಎರಡನ್ನೂ ತುಂಬಿಸುವುದು ನಮ್ಮ ನಿಮ್ಮಂಥ ಕೇಳುಗರೇ. ಕ್ಯಾಸೆಟ್ ಕೈಯಲ್ಲಿ ಹಿಡಿದವರು ಯಾರೂ ಅಲ್ಲಿ ಬರೆಯದಿದ್ದರೆ ಹೆಸರು ಬರುವುದಾದರೂ ಹೇಗೆ? ನೆಟ್‌ನಲ್ಲಿ ಇಲ್ಲ ಅಂದಮಾತ್ರಕ್ಕೆ ಟೇಪೇ ಇಲ್ಲ ಅಂತಲ್ಲ.

ಡೆಮೊಗಳು ಉಳಿದಿದ್ದೇ ಕಾಪಿಯಿಂದ ಕಾಪಿ ಆಗಿ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದವರ 'ನೋ ಲೈಫ್ ಟಿಲ್ ಲೆದರ್' 1982ರದ್ದು, ಏಳು ಹಾಡಿನ ಕ್ಯಾಸೆಟ್. ಮೊದಲ ಆಲ್ಬಂ ಬಂದಿದ್ದು 1983ರಲ್ಲಿ. ಅಷ್ಟರೊಳಗೆ ಆ ಡೆಮೊ ಅಂಚೆಯಲ್ಲಿ ಊರೂರು ಸುತ್ತಿತ್ತು. ತಮ್ಮ ಹತ್ತಿರ ಏನೇನಿದೆ ಅಂತ ಪಟ್ಟಿ ಬರೆದು ಕಳಿಸೋದು, ಬೇಕಾದ್ದನ್ನು ತುಂಬಿಸಿ ವಾಪಸ್ ಕಳಿಸೋದು, ಹೀಗೆ ನಡೆಯುತ್ತಿತ್ತು. ಹಾಸನದ ಹುಡುಗರ ಡೆಮೊ ಅಷ್ಟು ಕೈ ದಾಟಿರುವುದಿಲ್ಲ. ಐದೋ ಹತ್ತೋ ಕಾಪಿ, ಅಷ್ಟೇ. ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡನ್ನೇ ನೋಡಿ. 1998ರಲ್ಲಿ ಶುರುವಾಗಿ, ಮೊದಲ ಆಲ್ಬಂ ತರುವ ಹೊತ್ತಿಗೆ 2004 ಆಗಿತ್ತು. ಓದು ಮುಗಿಯುತ್ತಲೇ ಒಬ್ಬೊಬ್ಬರು ಒಂದೊಂದು ಕಡೆ ಹೋದ ಬ್ಯಾಂಡುಗಳಿಗೆ ಆ ಡೆಮೊ ಕ್ಯಾಸೆಟ್ಟೇ ಮೊದಲು, ಅದೇ ಕೊನೆ. ಅದಕ್ಕೇ ಅದು ಸಿಗಬೇಕು ಅಂತ ನನಗೆ ಅಷ್ಟು ಆಸೆ.

ಮಾವನನ್ನು ಒಂದು ಸಂಜೆ ಸುಮ್ನೆ ಕೂರಿಸಿಕೊಂಡು ಮಾತಾಡಿಸಿ. ರೆಕಾರ್ಡ್ ಮಾಡಿದ್ದು ಯಾರ ಮನೆಯಲ್ಲಿ? ಒಂದು ಕ್ಯಾಸೆಟ್ಟಿಂದ ಇನ್ನೊಂದಕ್ಕೆ ಕಾಪಿ ಮಾಡುವ ಡಬಲ್ ಡೆಕ್ ಟೇಪ್ ರೆಕಾರ್ಡರ್ ಯಾರ ಹತ್ತಿರ ಇತ್ತು? ಕವರ್ ಚಿತ್ರ ಬರೆದವರು ಯಾರು, ಜೆರಾಕ್ಸ್ ಮಾಡಿಸಿದ್ದು ಯಾವ ಅಂಗಡಿಯಲ್ಲಿ? ಬ್ಯಾಂಡ್‌ಗೆ ಮೊದಲು ಬೇರೆ ಹೆಸರಿತ್ತಾ? ಗಿಟಾರ್ ಬಾರಿಸಿದವರ ಹತ್ತಿರ ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ, ತಮ್ಮ ಕಾಪಿಯನ್ನೂ ಯಾರಿಗೋ ಕೊಟ್ಟಿರುತ್ತಾರೆ. ಡಬಲ್ ಡೆಕ್ ಇದ್ದ ಗೆಳೆಯ, ಚಿತ್ರ ಬರೆದವನು, ಶೋಗೆ ಬಂದು ಕಾಪಿ ಇಸ್ಕೊಂಡು ಹೋದ ಜೂನಿಯರ್, ಇವರ ಮನೆಗಳಲ್ಲಿ ಸಿಗುವುದು ಜಾಸ್ತಿ. ಆಗ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಅಂಥ ಅಂಗಡಿ ಈಗ ಮೊಬೈಲ್ ಅಂಗಡಿ ಆಗಿದ್ದರೂ ಗಲ್ಲಾದಲ್ಲಿ ಕೂತವರು ಹಳಬರೇ ಇರಬಹುದು. ಕೇಳಿ ನೋಡಿ. ರಾಕ್ ಬ್ಯಾಂಡ್‌ಗಳ ಸುದ್ದಿಗೆಂದೇ 1993ರಲ್ಲಿ ಅಲಹಾಬಾದಿನಿಂದ ಶುರುವಾದ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆಯ ಹಳೇ ಸಂಚಿಕೆ ಸಿಕ್ಕರೆ ಅದನ್ನೂ ಒಮ್ಮೆ ತಿರುವಿಹಾಕಿ.

ಮನೆಯವರಿಗೆ ಬ್ಯಾಂಡ್ ಹೆಸರು ಹೇಳಿ ಕೇಳಿದರೆ ಪ್ರಯೋಜನ ಕಡಿಮೆ. ಮೆಟಲ್ ಬ್ಯಾಂಡಿನವರು ಹೆಸರನ್ನು ಮುಳ್ಳಿನ ಪೊದೆ ಹಾಗೆ ಬರೆದಿರುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ಎಷ್ಟೋ ಸಲ ಹೆಸರನ್ನೇ ಬರೆದಿರುವುದಿಲ್ಲ. ಅದಕ್ಕೆ ಮನೆಯಲ್ಲಿರುವ ಎಲ್ಲ ಕ್ಯಾಸೆಟ್ಟನ್ನೂ ನೋಡಬೇಕು. ಎಲ್ಲ ಅಂದರೆ ದೇವರ ನಾಮದ್ದೂ ಸೇರಿ.

ಕೆಲವು ವರ್ಷದ ಹಿಂದೆ ಗೆಳೆಯನೊಬ್ಬನ ಬ್ಯಾಂಡಿನ ಟೇಪ್ ಹುಡುಕುತ್ತಾ ಮೂಡಿಗೆರೆ ಕಡೆಯ ಒಂದು ಮನೆಗೆ ಹೋಗಿದ್ದೆ. ಬೇಸ್ ಬಾರಿಸುತ್ತಿದ್ದವರ ಅಮ್ಮ ಒಂದು ಬೂಟಿನ ಡಬ್ಬಿ ತಂದಿಟ್ಟರು. ಒಳಗೆ ಬರೀ ಭಜನೆ, ಹರಿಕಥೆ, ಸುಪ್ರಭಾತ. ಸುಪ್ರಭಾತದ ಕ್ಯಾಸೆಟ್ ಕೈಗೆತ್ತಿಕೊಂಡಾಗ ಅವರು, 'ಅದು ಬೇಡ ಕಣಪ್ಪ, ಅರ್ಧಕ್ಕೇ ಕೆಟ್ಟುಹೋಗಿದೆ, ಬರೀ ಗಡಗಡ ಅನ್ನುತ್ತೆ' ಅಂದರು. ನಾನು ಅದರ ಬೆನ್ನು ನೋಡಿದೆ. ಎರಡು ಮೂಲೆಯ ತೂತಿನ ಮೇಲೂ ಹಳದಿಯಾದ ಸೆಲೊಟೇಪು. ಕಂಪನಿ ಕ್ಯಾಸೆಟ್‌ಗಳಲ್ಲಿ ಆ ಮೂಲೆಯ ಪ್ಲಾಸ್ಟಿಕ್ ಚೂರು ಇರುವುದಿಲ್ಲ. ಅದಿಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಲು ಆಗುವುದಿಲ್ಲ. ತೂತಿಗೆ ಸೆಲೊಟೇಪ್ ಅಂಟಿಸಿದರೆ, ಇಲ್ಲಾ ಕಾಗದ ತುರುಕಿದರೆ ಆಗುತ್ತದೆ. ಖಾಲಿ ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದ ಹುಡುಗರು ಮಾಡಿದ ಕೆಲಸ ಅದು. ಆ 'ಕೆಟ್ಟುಹೋದ' ಭಾಗವೇ ನಾವು ಹುಡುಕುತ್ತಿದ್ದ ಡೆಮೊ.

ಸಿಕ್ಕಿದ ಖುಷಿಗೆ ತಕ್ಷಣ ಪ್ಲೇ ಒತ್ತಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಮ್ಮ ಕಡೆ ಮಳೆ ಹಿಡಿದರೆ ಅಟ್ಟದ ಮೇಲಿನ ಚಪ್ಪಲಿ, ಬೆಲ್ಟಿಗೇ ಬೂಷ್ಟು ಬರುತ್ತದೆ, ಟೇಪಿಗೆ ಬರುವುದಿಲ್ವಾ? ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳಕು ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚಿನ ಮೇಲೆ ವಿಭೂತಿ ಉದುರಿಸಿದ ಹಾಗೆ ಬೆಳ್ಳಗೆ ಕಂಡರೆ ಅದು ಬೂಷ್ಟೇ. ಹಾಗೇ ಹಾಕಿದರೆ ಅಂಟಿಕೊಂಡ ಸುತ್ತು ಬಿಡದೆ ಟೇಪ್ ಕಿತ್ತುಹೋಗಬಹುದು. ಬೂಷ್ಟು ಟೇಪ್ ರೆಕಾರ್ಡರ್ ಒಳಗೆ ಹೋಗಿ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟು ಪೂರ್ತಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯಿಂದ ಹೊರಗೆ ಕೂತು, ಸ್ಕ್ರೂ ಬಿಚ್ಚಿ, ಮೆತ್ತಗಿನ ಬ್ರಷ್‌ನಿಂದ ಒರೆಸಿ. ಆಮೇಲೆ ಸ್ಕ್ರೂ ಇರುವ ಇನ್ನೊಂದು ಚೊಕ್ಕ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಚಿಪ್ಪಿನೊಳಗೆ ಟೇಪನ್ನು ಕೂರಿಸಿ. ಸಿ-90 (90 ನಿಮಿಷದ ಕ್ಯಾಸೆಟ್) ಆಗಿದ್ದರೆ ಇನ್ನೂ ಹುಷಾರು, ಅದರ ಟೇಪು 60 ನಿಮಿಷದ ಸಿ-60ರದ್ದಕ್ಕಿಂತ ತೆಳು. ಟೇಪಿನ ಹಿಂದೆ ತಗಡಿನ ಪಟ್ಟಿಗೆ ಅಂಟಿಸಿದ ಪುಟ್ಟ ಪ್ಯಾಡ್ ಇದೆಯಾ ನೋಡಿ. ಅದು ಉದುರಿದ್ದರೆ ಹಾಡು ದೂರದಲ್ಲಿ ಗುಯ್ ಅಂದ ಹಾಗೆ ಕೇಳುತ್ತದೆ. ಅಳಿಸಿಹೋಗಿದೆ ಅಂದುಕೊಂಡು ಬಿಸಾಡುವವರಿದ್ದಾರೆ.

ಇನ್ನೊಂದು ರೀತಿಯಲ್ಲೂ ಟೇಪ್ ಕೆಟ್ಟಿದೆ ಅನಿಸಬಹುದು. ಒಂದು ಕಡೆ ಹಾಕಿದರೆ ರಾಕ್ಷಸ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ನಿಧಾನ, ತಿರುಗಿಸಿ ಹಾಕಿದರೆ ಎಲ್ಲ ಹಿಂದುಮುಂದು. ಹಾಗಿದ್ದರೆ ಖುಷಿಪಡಿ! ಅದು ಕಾಪಿ ಅಲ್ಲ, ಬ್ಯಾಂಡಿನವರ ಮೂಲ ರೆಕಾರ್ಡಿಂಗೇ ಇರಬಹುದು. ಟ್ಯಾಸ್ಕಾಮ್ ಕಂಪನಿ 1979ರಲ್ಲಿ ಪೋರ್ಟಾಸ್ಟುಡಿಯೊ ಅಂತ ಒಂದು ಯಂತ್ರ ತಂದಿತು. ನಾಲ್ಕು ಟ್ರ್ಯಾಕನ್ನು, ಅಂದರೆ ಬೇರೆ ಬೇರೆಯಾಗಿ ಹಿಡಿದ ನಾಲ್ಕು ಸದ್ದನ್ನು, ಮಾಮೂಲಿ ಕ್ಯಾಸೆಟ್ಟಿನಲ್ಲೇ, ಒಂದೇ ದಿಕ್ಕಿನಲ್ಲಿ ರೆಕಾರ್ಡ್ ಮಾಡುವ ಯಂತ್ರ. ಅದರಲ್ಲಿ ಟೇಪ್ ಓಡುವುದು ನಮ್ಮ ಮನೆಯ ಟೇಪ್ ರೆಕಾರ್ಡರ್‌ನ ಎರಡರಷ್ಟು ವೇಗದಲ್ಲಿ. ಆಮೇಲೆ ಮಾಮೂಲಿ ವೇಗದ್ದೂ ಬಂದವು. ಇಂಥ ಟೇಪನ್ನು ಮನೆಯ ಡೆಕ್‌ನಲ್ಲಿ ಹಾಕಿದರೆ ಒಂದು ಬದಿಯಲ್ಲಿ ಎರಡು ಟ್ರ್ಯಾಕ್ ಸರಿ ದಿಕ್ಕಿನಲ್ಲಿ, ಇನ್ನೊಂದು ಬದಿಯಲ್ಲಿ ಉಳಿದ ಎರಡು ಉಲ್ಟಾ ಕೇಳುತ್ತವೆ. ಎರಡೂ ಬದಿಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ವೇಗ ಸರಿಮಾಡಿ, ಉಲ್ಟಾ ಇರುವುದನ್ನು ತಿರುಗಿಸಿ, ಎರಡನ್ನೂ ತಾಳ ತಪ್ಪದ ಹಾಗೆ ಒಟ್ಟಿಗೆ ಕೂರಿಸಿ. ನಿಮ್ಮ ಮಾವನ ಡ್ರಮ್ಸ್ ಬೇರೆಯಾಗಿಯೇ ಸಿಕ್ಕರೂ ಸಿಗಬಹುದು.

ಕಂಪ್ಯೂಟರಿಗೆ ಹಾಕಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಅದು ಉಚಿತ. ಅದರಲ್ಲಿ ಇಡಬೇಕಾದ ಸೆಟ್ಟಿಂಗ್: 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. ಪ್ಲೇ ಒತ್ತುವ ಮೊದಲೇ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ. ಎರಡನೇ ಸಲ ಆ ಟೇಪ್ ಓಡದೇ ಇರಬಹುದು. ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಸದ್ದು ಮಂಕಾಗಿದ್ದರೆ ಟೇಪ್ ರೆಕಾರ್ಡರ್‌ನಲ್ಲಿ ಟೇಪ್ ಓದುವ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಚೂಪಾಗುವ ಜಾಗದಲ್ಲಿ ನಿಲ್ಲಿಸಿ.

ಎಲ್ಲರಿಗೂ ಕೇಳಿಸುವ ಮುಂಚೆ ಬ್ಯಾಂಡಿನ ಎಲ್ಲರ ಒಪ್ಪಿಗೆ ಕೇಳಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಕಾಯ್ದೆ ಹಾಗಿರಲಿ, ಅದು ಅವರ ಹಾಡು ಅಲ್ವಾ?

ಫೋನ್ ಮಾಡುವುದನ್ನು ಮಾತ್ರ ತಡ ಮಾಡಬೇಡಿ. ದೀಪಾವಳಿಗೆ ಅಟ್ಟ ಕ್ಲೀನ್ ಮಾಡುವಾಗಲೇ ಇಂಥ ಡಬ್ಬಿಗಳು ಗುಜರಿಗೆ ಹೋಗುವುದು. ಕ್ಯಾಸೆಟ್ ಸಿಕ್ಕ ತಕ್ಷಣ, ಬೇರೆ ಏನು ಮಾಡುವ ಮೊದಲೂ, ಮೂಲೆಯ ತೂತಿನ ಮೇಲೆ ಸೆಲೊಟೇಪ್ ಇದ್ದರೆ ಅದನ್ನು ಕಿತ್ತುಹಾಕಿ. ಆಗ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಾಡು ಅಳಿಸುವುದಿಲ್ಲ.