ದರ ತಿಳಿದರಷ್ಟೇ ಸಾಲದು

ಕಾರವಾರದ ಮೀನುಪೇಟೆಯಲ್ಲಿ ಬೆಳಗಿನ ಬಂಗಡೆಯ ದರ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಬಿಸಿಲೇರಿ ಮಂಜುಗಡ್ಡೆ ಕರಗಿತೆಂದರೆ ಮೀನಿನ ಮೈಯಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸತೊಡಗುತ್ತವೆ. ಹೆಚ್ಚಾದರೆ ತಿಂದವರಿಗೆ ತುರಿಕೆ, ತಲೆನೋವು ತರುವ ವಸ್ತು ಅದು, ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಬುಟ್ಟಿಯ ಮುಂದೆ ಕುಳಿತ ಮಹಿಳೆ ಹೊತ್ತೇರಿದಂತೆ ಬಂದಷ್ಟಕ್ಕೆ ಕೊಟ್ಟು ಏಳುತ್ತಾಳೆ.

ಇಂಥ ವ್ಯಾಪಾರಕ್ಕೆ ಮೊಬೈಲ್ ಏನು ಮಾಡಬಲ್ಲದು? 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಸೇವೆ ಹಂತಹಂತವಾಗಿ ಬಂದಾಗ ಆದ ಬದಲಾವಣೆಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಳೆದು, 2007ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ತಾರ್ಲೆ ಮೀನನ್ನು ಕಡಲಿಗೇ ಚೆಲ್ಲುತ್ತಿದ್ದರು. ಹದಿನೈದು ಕಿಲೋಮೀಟರ್ ಆಚೆ ಕೊಳ್ಳುವವರು ಬರಿಗೈಯಲ್ಲಿ ಮರಳುತ್ತಿದ್ದರು. ಮೊಬೈಲ್ ಬಂದ ಮೇಲೆ ಬೋಟಿನವರು ಕಡಲಿನಿಂದಲೇ ದರ ಕೇಳಿ ದಡ ಆರಿಸಿಕೊಂಡರು. ಮೀನು ಚೆಲ್ಲುವುದು ಬಹುತೇಕ ನಿಂತಿತು. ಅವರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು.

ಈ ಕಥೆಯನ್ನು ಹೇಳುವವರು ಬೋಟನ್ನು ಮರೆಯುತ್ತಾರೆ. ತಿರುಗಿಸಲು ಬೋಟಿದ್ದುದರಿಂದಲೇ ಆ ಸುದ್ದಿಗೆ ಬೆಲೆ ಬಂತು. ಅಂಕೋಲೆಯಲ್ಲಿ ದರ ಹೆಚ್ಚಿದೆಯೆಂದು ಬುಟ್ಟಿಯವಳಿಗೆ ಈಗ ತಿಳಿದರೂ ಬಸ್ಸಿನವನು ಹಸಿ ಮೀನು ಹತ್ತಿಸಿಕೊಳ್ಳಬೇಕು, ಮಂಜುಗಡ್ಡೆಗೆ ಕೈಯಲ್ಲಿ ಹಣವಿರಬೇಕು. ಬೋಟಿದ್ದವರಿಗೂ ಒಂದು ಕಟ್ಟು ಇರುತ್ತದೆ: ಮುಂಗಡ ಕೊಟ್ಟ ಸಾಹುಕಾರನಿಗೇ ಮೀನು ಕೊಡಬೇಕು, ಅವನು ಹೇಳಿದ ದರಕ್ಕೆ.

ಆದ್ದರಿಂದ ದರ ತೋರಿಸುವ ಆ್ಯಪ್‌ಗಿಂತ ಸಾಲಕ್ಕೆ ದಾರಿ ಮಾಡುವ ದಿನದಿನದ ವ್ಯಾಪಾರದ ಲೆಕ್ಕ ದೊಡ್ಡದೆಂದು ನಾನು ನಂಬಿದ್ದೇನೆ. 2016ರಲ್ಲಿ ಬಂದ ಯುಪಿಐ ಆ ಲೆಕ್ಕವನ್ನು ತಾನಾಗಿಯೇ ಬರೆಯುತ್ತಿದೆ. ಕೈಯೆಲ್ಲ ಮೀನಿನ ಪೊರೆ ಮೆತ್ತಿಕೊಂಡಿರುವಾಗ, ಬಂದ ಹಣವನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಎಷ್ಟು ಉಪಕಾರಿ! ಓದು ಬಾರದವರಿಗೂ ಅದು ಲೆಕ್ಕ ಒಪ್ಪಿಸುತ್ತದೆ. 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆ ನಗರದ ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ ಮೊದಲು 10,000 ರೂಪಾಯಿ ಕೊಟ್ಟು, ಸರಿಯಾಗಿ ತೀರಿಸಿದವರಿಗೆ ಮುಂದೆ ಹೆಚ್ಚು ಕೊಡುವ ಏರ್ಪಾಡು ಮಾಡಿತು. ಡಿಜಿಟಲ್ ವಹಿವಾಟಿಗೆ ಪ್ರೋತ್ಸಾಹಧನವನ್ನೂ ಸೇರಿಸಿತು.

ಆದರೆ ಸಾಲ ಕೊಡಬಹುದೇ ಎಂದು ನೋಡಲು ಈ ಲೆಕ್ಕ ಓದುವ ತಂತ್ರಾಂಶಕ್ಕೆ ನಮ್ಮ ಕಡಲು ಗೊತ್ತಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ಬುಟ್ಟಿಯವಳ ಖಾತೆಗೆ ಬರುವ ಹಣ ಬತ್ತುತ್ತದೆ. ದೂರದ ಕಂಪ್ಯೂಟರಿಗೆ ಅದು ವ್ಯಾಪಾರ ಮುಳುಗಿದಂತೆ ಕಾಣಬಹುದು. ಕಾರವಾರದ ಮಗುವಿಗೂ ಅದು ಮಳೆಗಾಲವೆಂದು ಗೊತ್ತು. ಆ ಎರಡು ತಿಂಗಳು ಕಂತು ಕೇಳದೆ, ಆಗಸ್ಟಿನಲ್ಲಿ ಮೊದಲ ಬೋಟು ಬೈತಖೋಲ್ ಬಂದರಿಗೆ ಮರಳಿದ ಮೇಲೆ ಕೇಳುವ ಸಾಲ ಅವಳಿಗೆ ಬೇಕು.