ಬ್ಯಾಂಗರಿನ ಸ್ತೋತ್ರಗಳಿಗೆ ವಯಸ್ಸು ಸಿಕ್ಕ ಬಗೆ

ಹಳೆಯ ಹಸ್ತಪ್ರತಿಯ ಕಾಲ ತಿಳಿಯಬೇಕಾದರೆ ಇಂಗಾಲದ ಪರೀಕ್ಷೆ ಮಾಡಿಸಿದರಾಯಿತು ಎಂಬ ನಂಬಿಕೆ ವಿದ್ಯಾವಂತರಲ್ಲೂ ಬಲವಾಗಿ ಬೇರೂರಿದೆ. ಆದರೆ ಜೀವಿ ಸತ್ತ ಮೇಲೆ ನಿಧಾನವಾಗಿ ಕ್ಷಯಿಸುತ್ತ ಹೋಗುವ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ತಿಳಿಸುವುದು ಚರ್ಮಪತ್ರಕ್ಕೆ ತೊಗಲು ಕೊಟ್ಟ ಪ್ರಾಣಿ ಸತ್ತ ಕಾಲವನ್ನೇ ಹೊರತು ಅದರ ಮೇಲೆ ಲೇಖನಿ ಓಡಿದ ಕಾಲವನ್ನಲ್ಲ. ವಾತಾವರಣದಲ್ಲಿ ಈ ಇಂಗಾಲದ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಆಗಿರದ ಕಾರಣ, ಅಳತೆಯನ್ನು ಮರದ ವಾರ್ಷಿಕ ಉಂಗುರಗಳೊಂದಿಗೆ ತಾಳೆ ನೋಡಿ ತಿದ್ದಬೇಕಾಗುತ್ತದೆ; ತಿದ್ದಿದ ಮೇಲೂ ಉತ್ತರ ಹಲವು ದಶಕಗಳಷ್ಟು ಅಗಲವಾಗಿಯೇ ಉಳಿಯುತ್ತದೆ.

ಐರ್ಲೆಂಡಿನ ಬ್ಯಾಂಗರ್ ಮಠದಲ್ಲಿ ಬರೆದ, 36 ಎಲೆಗಳ ಒಂದು ಲ್ಯಾಟಿನ್ ಸ್ತೋತ್ರಸಂಗ್ರಹವಿದೆ. ಇದರ ಕಾಲವನ್ನು ಅದರೊಳಗಿನ ಒಂದು ಪದ್ಯವೇ 11 ವರ್ಷಗಳ ಕಿಂಡಿಯೊಳಗೆ ಹಿಡಿದುಕೊಟ್ಟಿದೆ ಎಂಬುದು ನನಗೆ ಯಾವ ಪ್ರಯೋಗಾಲಯದ ಫಲಿತಾಂಶಕ್ಕಿಂತಲೂ ಹೆಚ್ಚು ಸೊಗಸಾಗಿ ಕಾಣುತ್ತದೆ.

ಆ ಪದ್ಯ ಮಠದ 15 ಅಧಿಪತಿಗಳ ಸ್ಮರಣೆ. ಸ್ಥಾಪಕ ಕಾಮ್‌ಗಾಲ್‌ನಿಂದ ಆರಂಭಿಸಿ ಬಿಯೋಗ್ನ, ಏಡ್, ಸಿನ್ಲಾನ್ ಎಂದು ಪರಂಪರೆಯ ಕ್ರಮದಲ್ಲೇ ಹೆಸರುಗಳು ಬರುತ್ತವೆ. ಅಧಿಪತಿಗಳನ್ನು ನೆನೆಯುವ ಭಾಗದ ಸಾಲುಗಳು, ಕೆಲವರಿಗೆ ಒಂದಕ್ಕಿಂತ ಹೆಚ್ಚು ಸಾಲು ಕೊಡುತ್ತ, ಲ್ಯಾಟಿನ್ ಅಕ್ಷರಮಾಲೆಯನ್ನು ಹಿಡಿದು ಸಾಗುತ್ತವೆ: ಮೊದಲನೆಯದು ಎ, ಎರಡನೆಯದು ಬಿ, ಮುಂದಿನದು ಸಿ. ಪುಟಸಂಖ್ಯೆ ಹಾಕಿದ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ ಹರಿದರೂ ತಿಳಿದುಬಿಡುವಂತೆ, ಇಲ್ಲಿ ಲಿಪಿಕಾರ ಒಂದು ಸಾಲನ್ನು ಬಿಟ್ಟರೆ ಅಕ್ಷರ ತಪ್ಪುತ್ತದೆ, ಯಾರಾದರೂ ಆಮೇಲೆ ಒಂದು ಸಾಲನ್ನು ತುರುಕಿದರೂ ತಪ್ಪುತ್ತದೆ. ಭಕ್ತಿಗಾಗಿಯೂ ನೆನಪಿಗಾಗಿಯೂ ಕಟ್ಟಿದ ಈ ಬಂಧ ಪಠ್ಯದ ಕಾವಲನ್ನೂ ಮಾಡಿದೆ.

ಕೊನೆಯ ಅಕ್ಷರವಾದ ಝೆಡ್ ಬಂದಾಗ ಹದಿನೈದನೆಯ ಅಧಿಪತಿ ಕ್ರೋನನ್ ಕಾಣಿಸಿಕೊಳ್ಳುತ್ತಾನೆ. ಅವನ ಹಿಂದಿನವರನ್ನೆಲ್ಲ ತೀರಿಕೊಂಡವರಂತೆ ನೆನೆದ ಕವಿ, ಇವನನ್ನು ಮಾತ್ರ ದೇವರು ಕಾಪಾಡಲಿ ಎಂದು ಪ್ರಾರ್ಥಿಸುತ್ತಾನೆ. ಎಂದರೆ ಆಗ ಕ್ರೋನನ್ ಬದುಕಿದ್ದ. ಅವನು ಅಧಿಪತಿಯಾಗಿದ್ದದ್ದು 680ರಿಂದ 691ರವರೆಗೆ. ನಂತರದವನೊಬ್ಬ ಇದನ್ನು ಹಾಗೆಯೇ ನಕಲು ಮಾಡಿರಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿದ್ದರೆ ಪದ್ಯದ ಕಾಲ ಕದಲುವುದಿಲ್ಲ, ಎಲೆಯ ಕಾಲ ಮಾತ್ರ ಮುಂದೆ ಸರಿಯುತ್ತದೆ. ಲಿಪಿತಜ್ಞರು ಅಕ್ಷರಗಳ ರೂಪವನ್ನು ನೋಡಿ ಪ್ರತಿಯನ್ನೂ ಅದೇ 7ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿಸಿರುವುದರಿಂದ ಎರಡು ಸಾಕ್ಷ್ಯಗಳೂ ಒಂದನ್ನೊಂದು ಬಲಪಡಿಸುತ್ತವೆ.

ಈ ಪ್ರತಿ ಇಟಲಿಯ ಬೋಬ್ಬಿಯೊ ಮಠದಲ್ಲಿತ್ತು. 17ನೇ ಶತಮಾನದ ಆರಂಭದಲ್ಲಿ ಮಿಲಾನಿನ ಆಂಬ್ರೋಸಿಯಾನಾ ಗ್ರಂಥಾಲಯ ಸೇರಿತು. ಮುರಾತೋರಿ ಎಂಬ ವಿದ್ವಾಂಸ 1713ರಲ್ಲಿ ಅದನ್ನು ಅಚ್ಚಿಗೆ ತಂದ. ಬೋಬ್ಬಿಯೊ ಮಠವನ್ನು 614ರಲ್ಲಿ ಸ್ಥಾಪಿಸಿದವನು ಬ್ಯಾಂಗರಿನಿಂದಲೇ ಹೋದ ಸನ್ಯಾಸಿ ಕೊಲಂಬಾನಸ್ ಆದ್ದರಿಂದ, ಪುಸ್ತಕವನ್ನು ಅವನೇ ಹೊತ್ತು ತಂದಿರಬೇಕೆಂದು ಊಹಿಸುವುದು ಸುಲಭ. ಆದರೆ ಅವನು 615ರಲ್ಲೇ ತೀರಿಕೊಂಡಿದ್ದ. ಕ್ರೋನನ್‌ನ ಹೆಸರಿರುವ ಪುಸ್ತಕವನ್ನು ಅವನು ಕಂಡಿರಲು ಸಾಧ್ಯವೇ ಇಲ್ಲ.